ಒಗ್ಗದ ಮರಿಗಳು

ಪರದೆಯ ಮೇಲೆ ಮೊದಲು ಬರೀ ಮರಳಿತ್ತು. ಆಮೇಲೆ ಆ ಮರಳಿಗೆ ಎರಡು ಕಣ್ಣು ಮೂಡಿದವು, ಎರಡೂ ಒಂದೇ ಕಡೆ. ಮರಳು ಕೊಂಚ ಅಲುಗಿತು. ಹೆಬ್ಬೆರಳಿನಷ್ಟು ಉದ್ದದ, ಎಲೆಯಷ್ಟು ಚಪ್ಪಟೆಯಾದ ಮೀನುಮರಿಯೊಂದು ತಳ ಬಿಟ್ಟೆದ್ದು, ಮೇಲಿನಿಂದ ಇಳಿಯುತ್ತಿದ್ದ ಕಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡನೋಡುತ್ತ ತೊಟ್ಟಿಯ ತಳವೇ ಎದ್ದು ಊಟಕ್ಕೆ ಬಂದ ಹಾಗಾಯಿತು. ಸಭಾಂಗಣದ ಸ್ಪೀಕರಿನಲ್ಲಿ ಒಬ್ಬ ಹೆಂಗಸಿನ ದನಿ, ಸ್ವಲ್ಪ ಹೆಮ್ಮೆಯಿಂದಲೇ, ಹೇಳಿತು: “ಮರಿಗಳು ಈಗ ಗುಳಿಗೆಯನ್ನೇ ಆರಿಸಿಕೊಳ್ಳುತ್ತಿವೆ.”

ಮೂರನೆಯ ಸಾಲಿನಲ್ಲಿ ಕೂತಿದ್ದ ಅಕ್ಕ ನಿಧಾನವಾಗಿ ಕುತ್ತಿಗೆ ತಿರುಗಿಸಿ ಪಕ್ಕದ ಕುರ್ಚಿಯಲ್ಲಿದ್ದ ತಂಗಿಯನ್ನು ನೋಡಿದಳು. ದನಿ ತಂಗಿಯದು.

ತಂಗಿಗೆ ಎದ್ದು, ನಿಲ್ಲಿಸಿ ಅನ್ನಬೇಕು ಅನ್ನಿಸಿತು. ಏಳಲಿಲ್ಲ. ಯಾರೋ ತನ್ನ ಸೀರೆಯನ್ನೇ ತಾನು ನೋಡುತ್ತಿರುವಾಗಲೇ ಉಟ್ಟುಕೊಂಡು ಬಂದು ಎದುರು ನಿಂತರೆ ಹೇಗಿರುತ್ತದೋ ಹಾಗಿತ್ತು. ಸೀರೆ ತನ್ನದೇ. ಉಟ್ಟವರು ಬೇರೆ.

ನದಿ ಸಮುದ್ರ ಸೇರುವ ಕಡೆ, ನೀರಿಳಿದಾಗ ಮೇಲೇಳುವ ಕೆಸರುಬಯಲಿನ ಬಗ್ಗೆ ಆ ಸಭೆ. ಬಯಲಿನ ಮೇಲೆ ಕಲ್ಲು ಸುರಿದು, ಮಟ್ಟ ಮಾಡಿ, ಹಡಗಿನ ಪೆಟ್ಟಿಗೆಗಳನ್ನು ಪೇರಿಸುವ ಅಂಗಳ ಮಾಡಬೇಕೆಂದು ಬಂದರು ಕಂಪನಿ ಕೇಳಿತ್ತು. ಆ ಬಯಲಿನಲ್ಲಿ ಕಪ್ಪೆಚಿಪ್ಪು ಅಗೆದು ಬದುಕುವ ಓಣಿಯವರ ಆಕ್ಷೇಪಣೆ ಕೇಳಲು ಸರ್ಕಾರ ಒಬ್ಬ ನಿವೃತ್ತ ನ್ಯಾಯಾಧೀಶೆಯನ್ನು ಅಧ್ಯಕ್ಷೆಯಾಗಿ ಕೂರಿಸಿತ್ತು. ವಿಚಾರಣೆ ಮುಗಿಯುತ್ತಲೇ ಕೆಲಸ ಶುರುಮಾಡಬಹುದು ಎಂದು ಆದೇಶದಲ್ಲೇ ಬರೆದಿತ್ತು. ಅಂದರೆ ಕೇಳುವುದು ಮುಖ್ಯ, ಕೇಳಿಸಿಕೊಳ್ಳುವುದಲ್ಲ. ಕಲ್ಲಿನ ಲಾರಿಗಳು ಆಗಲೇ ರಸ್ತೆಬದಿಯಲ್ಲಿ ಬಯಲಿನ ಕಡೆ ಮೂತಿ ಮಾಡಿ ನಿಂತಿದ್ದವು.

ಅಕ್ಕ ಆ ಬಯಲಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿಯೇ ಮನೆ ನಡೆಸಿದವಳು. ತಂಗಿ ಓದಿ ಸರ್ಕಾರದ ಮೀನು ಪ್ರಯೋಗಾಲಯದಲ್ಲಿ ವಿಜ್ಞಾನಿಯಾದಳು. “ಇವಳ ಸೊಂಟ ಬಗ್ಗಿದ್ದಕ್ಕೇ ನಿನ್ನ ಬೆನ್ನು ನೆಟ್ಟಗಾಗಿದ್ದು” ಎಂದು ಭಾವ ಆಗಾಗ ತಮಾಷೆ ಮಾಡುತ್ತಿದ್ದ. ತಮಾಷೆಯಲ್ಲಿ ಸುಳ್ಳೇನೂ ಇರಲಿಲ್ಲ. ವಿಚಾರಣೆಯ ನೋಟಿಸು ಬಂದಾಗ ಓಣಿಯ ಹೆಂಗಸರೆಲ್ಲ ಹೆದರಿದರೆ ಅಕ್ಕ ಹೆದರಿರಲಿಲ್ಲ. “ನಮ್ಮ ತಂಗಿ ಬರ್ತಾಳೆ. ಮೀನಿನ ಹೊಟ್ಟೆ ಓದಿದೋಳು ಅವಳು” ಎಂದಿದ್ದಳು.

ಓದಿದ್ದೂ ನಿಜ. ಪರದೆಯಲ್ಲಿ ಕಂಡ ಆ ಚಪ್ಪಟೆ ಮೀನು, ಅಂದರೆ ನಾಲಿಗೆ ಮೀನಿನ ಮರಿಗಳು, ಸಮುದ್ರದಿಂದ ಬಂದು ಈ ಬಯಲಿನ ತಳದಲ್ಲಿ ಬೆಳೆದು ಮತ್ತೆ ಸಮುದ್ರಕ್ಕೆ ಹೋಗುತ್ತವೆ. ತಂಗಿ ಅವುಗಳ ಹೊಟ್ಟೆ ಬಿಡಿಸಿ, ಏನು ತಿಂದಿವೆ ಎಂದು ನೋಡಿದ್ದಳು. ಬಯಲಿನ ಕೆಸರು ತಂದು ಸೋಸಿ, ತಿನ್ನಲು ಏನೇನು ಸಿಗುತ್ತಿತ್ತು ಎಂದೂ ನೋಡಿದ್ದಳು. ಎರಡನ್ನೂ ಹೋಲಿಸಿದರೆ ಮರಿಯ ಆಯ್ಕೆ ತಿಳಿಯುತ್ತದೆ. ಪುಟ್ಟ ಸಿಗಡಿಗಳು ರಾಶಿ ಬಿದ್ದಿದ್ದರೂ ಮರಿಗಳು ಉದ್ದನೆಯ ಕೆಸರುಹುಳುವನ್ನು ಹುಡುಕಿಕೊಂಡು ಹೋಗುತ್ತಿದ್ದವು. ಕಪ್ಪೆಚಿಪ್ಪು ಕೆಸರಿನೊಳಗಿಂದ ಉಸಿರಿಗೆಂದು ಮೇಲೆ ಚಾಚುವ ಕೊಳವೆಯ ತುದಿಯನ್ನೂ ಕಚ್ಚಿಕೊಂಡು ಓಡುತ್ತಿದ್ದವು. ತುದಿ ಮತ್ತೆ ಬೆಳೆಯುತ್ತಿತ್ತು. ಇದನ್ನು ಕೇಳಿ ಅಕ್ಕ ನಕ್ಕಿದ್ದಳು. “ಹಂಗಾದ್ರೆ ನಮ್ಮ ಪಾಲುದಾರರು ಅನ್ನು. ತುದಿ ಅವಕ್ಕೆ, ಬುಡ ನಮಗೆ.” ಈ ಬಯಲು ಹೋದರೆ ಈ ಮರಿಗಳಿಗೆ ಊಟವಿಲ್ಲ, ಆದ್ದರಿಂದ ತುಂಬಬಾರದು: ಮಧ್ಯಾಹ್ನ ತಂಗಿ ಹೇಳಬೇಕಿದ್ದದ್ದು ಇಷ್ಟೇ.

ಕಂಪನಿಯ ಯೋಜನಾಧಿಕಾರಿ ಬೆಳಿಗ್ಗೆಯೇ ಅವಳ ಇನ್ನೊಂದು ಕೆಲಸವನ್ನು ಹಿಡಿದುಕೊಂಡು ಬಂದಿದ್ದ. ಮೀನು ಸಾಕುವವರಿಗೆಂದು ಅವಳೇ ಮಾಡಿದ್ದ ಪ್ರಯೋಗ. ಹುಳು ತಿನ್ನುವ ಮರಿಗೆ ಕಾರ್ಖಾನೆಯ ಗುಳಿಗೆ ತಿನ್ನಿಸಲು ಆಗುತ್ತದೆಯೇ ಎಂಬುದು.

ಯೋಜನಾಧಿಕಾರಿ ಕೂಗಾಡುವವನಲ್ಲ. ಮಾತಿನ ನಡುವೆ ಎದುರಿನವರಿಗೆ ನೀರು ಬೇಕಾ ಎಂದು ಕೇಳುವ ಜಾತಿ. “ನಾಲಿಗೆ ಮೀನಿನ ಮರಿಗೆ ಈ ಕೆಸರೇ ಬೇಕು ಅನ್ನೋದು ಹಳೇ ನಂಬಿಕೆ ಮೇಡಂ” ಎಂದು ಅಧ್ಯಕ್ಷೆಗೆ ಹೇಳಿದ. “ಸರ್ಕಾರಿ ಪ್ರಯೋಗಾಲಯವೇ ತೋರಿಸಿದೆ. ಮರಿಗಳು ಎಲ್ಲವೂ, ಎಲ್ಲವೂ ಅಂತ ಒತ್ತಿ ಹೇಳ್ತೀನಿ, ಗುಳಿಗೆಗೆ ಒಗ್ಗಿಕೊಂಡ್ವು. ನಾವು ದಡದ ಮೇಲೆ ಮರಿಕೇಂದ್ರ ಕಟ್ಟಿಕೊಡ್ತೀವಿ. ಅಲ್ಲಿ ಬೆಳೆಸಿ ಸಮುದ್ರಕ್ಕೆ ಬಿಡೋಣ. ಓಣಿಯ ಜನರಿಗೂ ತರಬೇತಿ ಕೇಂದ್ರ ಇದೆ. ಜೀವ ಅಂದ್ಮೇಲೆ ಒಗ್ಗಿಕೊಳ್ಳುತ್ತೆ ಮೇಡಂ. ನಾವು ಅವಕಾಶ ಕೊಡಬೇಕು ಅಷ್ಟೇ.”

ಸಭೆಯಲ್ಲಿ ಗದ್ದಲವಾಗಲಿಲ್ಲ. ಗದ್ದಲಕ್ಕೆ ಒಂದಿಷ್ಟು ಭರವಸೆ ಬೇಕಾಗುತ್ತದೆ. ಹಿಂದಿನ ಸಾಲುಗಳಲ್ಲಿ ಕೂತಿದ್ದ ಹೆಂಗಸರು ಪರದೆಯನ್ನು ನೋಡಲಿಲ್ಲ, ಅಕ್ಕನ ಬೆನ್ನನ್ನು ನೋಡಿದರು. ಮೀನಿನ ಹೊಟ್ಟೆ ಓದಿದ ತಂಗಿಯನ್ನು ಕರೆತಂದ ಬೆನ್ನು.

“ನೀನಾ ಅದು?” ಅಕ್ಕ ಕೇಳಿದಳು.

“ನಾನೇ.”

“ಯಾವಾಗ ಹೇಳಿದ್ದೇ?”

“ಕಳೆದ ವರ್ಷ. ಸಾಕೋರಿಗೆ ಅಂತ ಮಾಡಿದ್ದು ಅಕ್ಕಾ ಅದು. ಇದಕ್ಕಲ್ಲ.”

“ಇದಕ್ಕೇ ಬಂತಲ್ಲ.”

ಅಧ್ಯಕ್ಷೆ ಊಟದ ವಿರಾಮ ಕೊಟ್ಟರು. ಹೊರಗಿನ ಪಡಸಾಲೆಯಲ್ಲಿ ಪ್ರಯೋಗಾಲಯದ ನಿರ್ದೇಶಕರು ತಂಗಿಯ ಹೆಗಲು ತಟ್ಟಿದರು. ಕೆಟ್ಟವರಲ್ಲ. ತಮ್ಮಲ್ಲಿ ಕೆಲಸ ಕಲಿತವರ ಮದುವೆಗೆ ತಪ್ಪದೆ ಹೋಗುವ ಮನುಷ್ಯ.

“ನೋಡಮ್ಮ, ನಮ್ಮ ಕೆಲಸ ಕಪಾಟಲ್ಲಿ ಧೂಳು ತಿನ್ನುತ್ತೆ ಅಂತ ಬೈತಿದ್ರಲ್ಲ. ಈಗ ನೋಡು, ಹೆಂಗೆ ಉಪಯೋಗಕ್ಕೆ ಬಂತು.”

“ಸರ್, ಬಯಲಿನ ಮರಿಗಳ ಹೊಟ್ಟೆ ನೋಡಿದ್ದು? ಅವು ಹುಳೂನೇ ಆರಿಸ್ತವೆ ಅಂದಿದ್ದು?”

“ಅದೂ ನಿಜ. ಬಯಲಲ್ಲಿ ಹುಳು ಆರಿಸ್ತವೆ, ತೊಟ್ಟೀಲಿ ಗುಳಿಗೆ ಆರಿಸ್ತವೆ. ಎರಡೂ ನಿನ್ನದೇ. ಎರಡನ್ನೂ ಹೇಳು ಮಧ್ಯಾಹ್ನ. ಯಾರು ಬೇಡ ಅಂತಾರೆ?”

ನಿರ್ದೇಶಕರು ಹೇಳಿದ್ದರಲ್ಲಿ ಒಂದು ಕಡ್ಡಿಯಷ್ಟೂ ಸುಳ್ಳಿರಲಿಲ್ಲ. ಅದೇ ಅವಳನ್ನು ಕಟ್ಟಿಹಾಕಿದ್ದು.

ಮೆಟ್ಟಿಲ ಮೇಲೆ ಅಕ್ಕ, ಭಾವ ಡಬ್ಬಿ ಬಿಚ್ಚಿ ಕೂತಿದ್ದರು. ತಂಗಿಗೂ ಒಂದು ಪಾಲು ತೆಗೆದಿಟ್ಟಿದ್ದರು. ಅಕ್ಕ ಮಾತಾಡಲಿಲ್ಲ. ಮಾತಾಡದೆ ಬಡಿಸುವುದು ಆ ಮನೆಯಲ್ಲಿ ಬೈಗುಳಕ್ಕಿಂತ ದೊಡ್ಡದು. ಮೌನವನ್ನು ಸಹಿಸಲಾಗದ ಭಾವ ಗಂಟಲು ಸರಿಮಾಡಿಕೊಂಡ.

“ಅಲ್ಲಾ, ಅಷ್ಟೂ ಮರಿಗಳು ಹೇಳಿದ ಮಾತು ಕೇಳಿದ್ವಾ? ಒಂದಾದ್ರೂ ಹಟಮಾರಿ ಇರ್ಲಿಲ್ವಾ? ನಮ್ಮ ಮನೆ ಒಂದರಲ್ಲೇ ಎರಡಿದ್ದೀರಿ.”

ತಂಗಿ ತುತ್ತನ್ನು ಬಾಯಿಯವರೆಗೆ ತಂದವಳು ಹಾಗೆಯೇ ನಿಲ್ಲಿಸಿದಳು.

“ಏನಾಯ್ತೇ?” ಅಕ್ಕ ಮೌನ ಮರೆತು ಕೇಳಿದಳು.

“ಇದ್ವು” ಎಂದಳು ತಂಗಿ. “ಭಾವ, ಗಾಡಿ ತೆಗೀರಿ. ಲ್ಯಾಬಿಗೆ ಹೋಗ್ಬೇಕು. ಈಗಲೇ.”

ಪ್ರಯೋಗಾಲಯಗಳಲ್ಲಿ ಒಂದು ಪದ್ಧತಿಯಿದೆ. ಬಲೆಯಿಂದ ತಂದ ಮರಿಗಳನ್ನು ಮೊದಲ ಕೆಲವು ದಿನ ತೊಟ್ಟಿಯಲ್ಲಿ ಸುಮ್ಮನೆ ಬಿಟ್ಟಿರುತ್ತಾರೆ. ಬಲೆ ತಾಗಿ ಮೈ ಸುಲಿದವು, ಬೆದರಿದವು ಆ ದಿನಗಳಲ್ಲಿ ಸಾಯುತ್ತವೆ. ಅವನ್ನು ಎತ್ತಿಹಾಕಿ, ಗಟ್ಟಿಯಾಗಿ ಉಳಿದವುಗಳಿಂದ ಪ್ರಯೋಗ ಶುರು. ಇದಕ್ಕೆ ಒಗ್ಗುವ ಅವಧಿ ಎಂದು ಹೆಸರು. ಆ ಅವಧಿಯಲ್ಲಿ ಸತ್ತದ್ದು ಲೆಕ್ಕಕ್ಕಿಲ್ಲ. ಸಾವು ಎಂದೂ ಅನ್ನುವುದಿಲ್ಲ, ಒಗ್ಗಲಿಲ್ಲ ಅನ್ನುತ್ತಾರೆ. ಹಿಂದಿನ ಪ್ರಯೋಗಗಳಲ್ಲೆಲ್ಲ ಆ ದಿನಗಳಲ್ಲಿ ಮರಿಗಳಿಗೆ ಕೆಸರುಹುಳು ಹಾಕುತ್ತಿದ್ದರು. ಗುಳಿಗೆಯ ಪ್ರಯೋಗದಲ್ಲಿ ಮಾತ್ರ, ಹುಳುವಿನ ರುಚಿ ಸೇರಿ ಫಲಿತಾಂಶ ಕಲಬೆರಕೆಯಾಗಬಾರದೆಂದು, ಮೊದಲ ದಿನದಿಂದಲೇ ಗುಳಿಗೆ ಹಾಕಿದ್ದರು. ಯಾರಿಗೂ ತಪ್ಪು ಅನ್ನಿಸಿರಲಿಲ್ಲ. ಶುದ್ಧವಾದ ಪ್ರಯೋಗ ಅನ್ನಿಸಿತ್ತು. ಗುಳಿಗೆ ಮುಟ್ಟದ ಮರಿಗಳು ಒಗ್ಗುವ ಅವಧಿಯಲ್ಲೇ ಸತ್ತವು. ಮುಟ್ಟಿದವು ಉಳಿದವು. ಆಮೇಲೆ ಪ್ರಯೋಗ ಶುರುವಾಯಿತು: ಇವು ಗುಳಿಗೆ ತಿನ್ನುತ್ತವೆಯೇ?

ತಿಂದವು. ಎಲ್ಲವೂ ತಿಂದವು.

ಪ್ರಯೋಗಾಲಯದಲ್ಲಿ ಊಟದ ಹೊತ್ತಿನ ನಿಶ್ಶಬ್ದವಿತ್ತು. ತೊಟ್ಟಿಗಳಿಗೆ ಗಾಳಿ ಊದುವ ಪಂಪು ಮಾತ್ರ ಗೊರಗೊರ ಅನ್ನುತ್ತಿತ್ತು. ಸತ್ತ ಮೀನುಗಳನ್ನು, ಸುಡಲು ಒಯ್ಯುವ ಗಾಡಿ ಬರುವವರೆಗೆ, ಹಿಂದಿನ ಕೋಣೆಯ ಫ್ರೀಜರಿನಲ್ಲಿ ಇಡುತ್ತಿದ್ದರು. ಗಾಡಿ ಬರುವುದು ಸರ್ಕಾರಕ್ಕೆ ನೆನಪಾದಾಗ. ತಂಗಿ ಮೇಲಿನ ಚೀಲಗಳನ್ನು ತೆಗೆದು ತೆಗೆದು ಕೆಳಗಿಟ್ಟಳು. ತಳದಲ್ಲಿ ಮಂಜುಗಡ್ಡೆಗೆ ಅಂಟಿಕೊಂಡಿದ್ದ ಚೀಲವನ್ನು ಭಾವ ಎರಡೂ ಕೈಯಿಂದ ಕಿತ್ತು ಕೊಟ್ಟ. ಚೀಲ ಭಾರವಾಗಿತ್ತು. ಇಷ್ಟು ಭಾರ ಇರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಜಾಲರಿಯಲ್ಲಿ ಒಂದಿಷ್ಟು, ಒಂದಿಷ್ಟು ಎತ್ತಿ ಹಾಕಿದ್ದು ಅವಳ ಕೈಗೆ ನೆನಪಿತ್ತು. ಎಲ್ಲ ಸೇರಿದರೆ ಎಷ್ಟು ಎಂಬುದನ್ನು ಆ ಕೈ ಯಾವತ್ತೂ ತೂಗಿ ನೋಡಿರಲಿಲ್ಲ.

“ಇಷ್ಟಾ?” ಎಂದ ಭಾವ.

ಅವಳು ಉತ್ತರಿಸದೆ ಒಂದು ಹಿಡಿ ಮರಿಗಳನ್ನು ನೀರಿಗೆ ಹಾಕಿದಳು. ಮೆತ್ತಗಾದ ಮೇಲೆ ಒಂದನ್ನು ಗಾಜಿನ ತಟ್ಟೆಗೆ ಎತ್ತಿಕೊಂಡು, ಭೂತಗನ್ನಡಿ ಎಳೆದು, ಸೂಜಿಯಿಂದ ಹೊಟ್ಟೆ ಬಿಡಿಸಿದಳು. ಹೊಟ್ಟೆ ಬರಿದಾಗಿರುತ್ತದೆ ಅಂದುಕೊಂಡಿದ್ದಳು. ಹಸಿದು ಸತ್ತ ಮೀನಿನ ಹೊಟ್ಟೆ ಒದ್ದೆ ಕಾಗದದಂತೆ ಅಂಟಿಕೊಂಡಿರುತ್ತದೆ.

ಈ ಹೊಟ್ಟೆ ತುಂಬಿತ್ತು. ಸೂಜಿ ತಾಗುತ್ತಲೇ ಗಾಜಿನ ಮೇಲೆ ಟಿಕ್ ಟಿಕ್ ಎಂದು ಏನೋ ಉದುರಿತು.

ಮರಳು.

ಅವಳು ಇನ್ನೊಂದನ್ನು ಬಿಡಿಸಿದಳು. ಮರಳು. ಮತ್ತೊಂದು. ಗಂಟಲಿನವರೆಗೂ ಮರಳು. ಒಂದರ ಹೊಟ್ಟೆಯಲ್ಲಿ ಗಾಳಿ ಪಂಪಿನ ಕೊಳವೆಯಿಂದ ಸುಲಿದುಬಂದ ರಬ್ಬರಿನ ಎಳೆಯೊಂದಿತ್ತು. ಕಪ್ಪಗೆ, ಉದ್ದಕ್ಕೆ, ಹುಳುವಿನ ಹಾಗೆ. ಅದನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿದವಳು ಬಹಳ ಹೊತ್ತು ಕೆಳಗಿಳಿಸಲಿಲ್ಲ.

ಗುಳಿಗೆ ಮೇಲಿನಿಂದ ಬೀಳುತ್ತಲೇ ಇತ್ತು. ಈ ಮರಿಗಳು ಮೇಲೆ ನೋಡಿರಲಿಲ್ಲ. ತಮ್ಮ ಹುಳು ಕೆಳಗಿರುತ್ತದೆ ಎಂದು ಅವುಗಳಿಗೆ ಗೊತ್ತಿತ್ತು. ಹುಳು ಯಾವತ್ತೂ ಕೆಳಗೇ ಇತ್ತು. ಹಾಗಾಗಿ ತೊಟ್ಟಿಯ ತೊಳೆದ ಮರಳಿನಲ್ಲಿ, ಜೀವ ಅನ್ನುವುದು ಒಂದು ಕಣವೂ ಇಲ್ಲದ ಮರಳಿನಲ್ಲಿ, ಬಾಯಿ ಹಾಕಿ ಹಾಕಿ ಹುಡುಕಿದ್ದವು. ಉಪವಾಸದ ಹಟವಲ್ಲ, ರೋಗವಲ್ಲ. ಸಾಯುವ ಕೊನೆಯ ಗಳಿಗೆಯವರೆಗೂ ಮರಿಗಳು ಕೆಲಸ ಮಾಡುತ್ತಿದ್ದವು.

“ಏನೇ ಇದು?” ಭಾವ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ ಕೇಳಿದ. ಅವನ ಗಂಟಲಿನಲ್ಲಿ ತಮಾಷೆ ಉಳಿದಿರಲಿಲ್ಲ.

“ಹಟಮಾರಿಗಳು ಭಾವ” ಎಂದಳು.

ಅವರು ಹಿಂತಿರುಗುವಷ್ಟರಲ್ಲಿ ಸಭೆ ಕೂತಾಗಿತ್ತು. ತಂಗಿ ಮುಚ್ಚಿದ ಗಾಜಿನ ತಟ್ಟೆ ಹಿಡಿದು ಮೈಕಿನ ಬಳಿ ನಿಂತಳು. ಬಯಲಿನ ಮಾತನ್ನು ಎರಡು ವಾಕ್ಯದಲ್ಲಿ ಮುಗಿಸಿ ತೊಟ್ಟಿಯ ಮಾತಿಗೆ ಬಂದಳು. ಏನಾಯಿತು, ಯಾಕಾಯಿತು, ಯಾವ ಮರಿಗಳನ್ನು ಬಿಟ್ಟು ಯಾವುದನ್ನು ಲೆಕ್ಕ ಹಿಡಿದೆವು ಎಂದು ಹೇಳಿದಳು. ಬೆಳಗಿನ ಪರದೆಯ ದನಿಗೂ ಈ ದನಿಗೂ ಸಂಬಂಧವೇ ಇಲ್ಲವೆನ್ನುವಂತಿತ್ತು. ತಟ್ಟೆಯನ್ನು ಅಧ್ಯಕ್ಷೆಯ ಮೇಜಿನ ಮೇಲಿಟ್ಟಳು.

“ವಿಡಿಯೊದಲ್ಲಿ ಇರೋದು ನಿಜ ಮೇಡಂ. ಪ್ರಯೋಗ ಸುಳ್ಳು. ಅವು ಗುಳಿಗೇನ ಆರಿಸ್ಲಿಲ್ಲ. ಗುಳಿಗೆ ಅವನ್ನ ಆರಿಸ್ತು.”

ಅಧ್ಯಕ್ಷೆ ಕೊರಳಿನ ದಾರದಲ್ಲಿ ತೂಗುತ್ತಿದ್ದ ಕನ್ನಡಕ ಹಾಕಿಕೊಂಡು ತಟ್ಟೆಯನ್ನು ನೋಡಿದರು. ಅವರ ಮುಖ ಬಿಳಿಚಿತು. ಆ ಮುಖವನ್ನು ಸಭೆಯೆಲ್ಲ ಕಂಡಿತು. ಒಂದು ಕ್ಷಣ, ಗೆದ್ದೆವು ಅನ್ನಿಸಿತು ಎಲ್ಲರಿಗೂ.

“ನಿರ್ದೇಶಕರೇ, ಇದು ಸರಿಯೇ?” ಎಂದು ಕೇಳಿದರು.

ನಿರ್ದೇಶಕರು ಎದ್ದರು. ಅವರಿಗೂ ನೋವಾಗಿತ್ತು. “ಮರಿಗಳು ಸತ್ತದ್ದು ಹೌದು ಮೇಡಂ. ಆದರೆ ಅವು ಪ್ರಯೋಗದ ಭಾಗ ಅಲ್ಲ. ಒಗ್ಗುವ ಅವಧಿಯ ಸಾವನ್ನು ಯಾವ ಪ್ರಯೋಗಾಲಯವೂ ಎಣಿಸೋದಿಲ್ಲ. ಇದು ಎಲ್ಲ ಕಡೆಯ ನಿಯಮ. ನಮ್ಮ ಹುಡುಗಿ ಭಾವುಕಳಾಗಿದ್ದಾಳೆ. ಅವಳ ಕುಟುಂಬ ಇಲ್ಲೇ ಇದೆ, ಅರ್ಥ ಆಗುತ್ತೆ.”

ಅಧ್ಯಕ್ಷೆ ಕನ್ನಡಕ ತೆಗೆದರು. “ನಿಯಮದ ಪ್ರಕಾರ ನಡೆದ ಪ್ರಯೋಗವನ್ನು ಇಲ್ಲಿ ಕೂತು ತಳ್ಳಿಹಾಕುವ ಅಧಿಕಾರ ನನಗಿಲ್ಲ” ಎಂದರು. ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ. “ಪ್ರಯೋಗದಲ್ಲಿ ಇರದ ಮೀನು ಸಾಕ್ಷಿಯಾಗೋದಿಲ್ಲ.” ತಟ್ಟೆಯನ್ನು ತಂಗಿಯ ಕಡೆ ಹಿಂದಕ್ಕೆ ಸರಿಸಿದರು.

ತಂಗಿ ಅದನ್ನು ತೆಗೆದುಕೊಳ್ಳಲಿಲ್ಲ. ಹೊಡೆಸಿಕೊಂಡವರಿಗೆ ಹೊಡೆತದ ಸದ್ದು ತಡವಾಗಿ ಕೇಳಿಸುತ್ತದಂತೆ. ನಿಯಮ ಎಂಬ ಪದ ಅವಳಿಗೆ ಆಗ ಕೇಳಿಸಿತು. ಆ ನಿಯಮದ ಮೇಲೆ ನಿಂತೇ ಅವಳು ಇಷ್ಟು ವರ್ಷ ಸಂಬಳ, ಗೌರವ, ಮೇಡಂ ಎಂಬ ಕರೆ ಎಲ್ಲ ಪಡೆದಿದ್ದಳು. ಅದರಡಿಯಲ್ಲಿ ಎಷ್ಟು ಹೊಟ್ಟೆಗಳಲ್ಲಿ ಮರಳು ತುಂಬಿದೆ ಎಂದು ಯಾರೂ ಬಿಡಿಸಿ ನೋಡಿರಲಿಲ್ಲ.

ಅಷ್ಟರಲ್ಲಿ ಮೂರನೆಯ ಸಾಲಿನಿಂದ ಅಕ್ಕ ಎದ್ದಳು. ಮೈಕಿನವರೆಗೂ ಹೋಗಲಿಲ್ಲ. ಬಯಲಿನಲ್ಲಿ ದೂರದವರನ್ನು ಕರೆದು ಪಳಗಿದ ಗಂಟಲಿಗೆ ಮೈಕು ಬೇಕಿರಲಿಲ್ಲ.

“ಒಂದು ಕೇಳ್ಲಾ ಸಾರ್? ನಿಮ್ಮನ್ನೇ, ಕಂಪನಿಯೋರನ್ನ.”

“ಕೇಳಿ ತಾಯಿ” ಎಂದ ಯೋಜನಾಧಿಕಾರಿ.

“ನಮಗೂ ತರಬೇತಿ ಅಂದ್ರಲ್ಲ. ನಮ್ಮಲ್ಲಿ ಎಷ್ಟು ಜನ ಒಗ್ಗಿದ್ರು ಅಂತ ಎಣಿಸ್ತೀರಲ್ಲ ಆಮೇಲೆ. ಆ ಎಣಿಕೆ ಯಾವಾಗಿಂದ ಶುರು? ಬಯಲು ಮುಚ್ಚಿದ ದಿನದಿಂದಾನಾ, ಇಲ್ಲಾ ಆಮೇಲಾ?”

ಸಭೆಯಲ್ಲಿದ್ದವರಿಗೆಲ್ಲ ಅದು ಚುಚ್ಚುಮಾತು ಅನ್ನಿಸಿತು. ಯೋಜನಾಧಿಕಾರಿಗೆ ಅನ್ನಿಸಲಿಲ್ಲ. ಅವನಿಗೆ ಅದು ಒಳ್ಳೆಯ ಪ್ರಶ್ನೆ ಅನ್ನಿಸಿತು. ಅವನ ಕಡತದಲ್ಲಿ ಅದಕ್ಕೆ ಉತ್ತರವಿತ್ತು.

“ತರಬೇತಿ ಶುರುವಾದ ಮೇಲಿಂದ ತಾಯಿ” ಎಂದ, ನಗುಮುಖದಿಂದಲೇ. “ಮೊದಲ ಕೆಲವು ತಿಂಗಳು ಹೊಂದಾಣಿಕೆಯ ಕಾಲ ಅಂತ ಬಿಟ್ಟಿರ್ತೀವಿ. ಆಗ ಕೆಲವರು ಊರು ಬಿಡ್ತಾರೆ, ಕೆಲವರು ಬರೋದೇ ಇಲ್ಲ. ಅವರು ಯೋಜನೆಯ ಲೆಕ್ಕಕ್ಕೆ ಬರಲ್ಲ. ನಿಂತು ತರಬೇತಿ ಮುಗಿಸ್ತಾರಲ್ಲ, ಅವರನ್ನ ನೋಡಿ. ಆಚೆ ದಡದ ಬಯಲು ಮುಚ್ಚಿದಾಗಲೂ ಹಾಗೇ ಮಾಡಿದ್ವಿ. ತರಬೇತಿ ಮುಗಿಸಿದ ಎಲ್ಲರಿಗೂ ಇವತ್ತು ಕೆಲಸ ಇದೆ. ಎಲ್ಲರಿಗೂ.”

ತಂಗಿ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳಿದವನ ಮುಖವಾಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಅದು ಲೆಕ್ಕ ಸರಿಯಾಗಿ ಒಪ್ಪಿಸಿದವನ ಮುಖ. ಇಂಥದೇ ಮುಖ ಇಟ್ಟುಕೊಂಡು ತಾನು ತೊಟ್ಟಿಯ ಮುಂದೆ ನಿಂತು ಮಾತಾಡಿದ್ದೆ ಎಂಬುದು ಅವಳಿಗೆ ಗೊತ್ತಾಯಿತು.

ಅಧ್ಯಕ್ಷೆ, ಪಕ್ಕದಲ್ಲಿ ಕೂತು ಹೇಳಿಕೆಗಳನ್ನು ದಾಖಲಿಸುತ್ತಿದ್ದ ಬೆರಳಚ್ಚಿನವನ ಕಡೆ ತಿರುಗಿದರು. “ಈಗ ಹೇಳಿದ್ದನ್ನು ಓದಿ.”

ಅವನು ಒಂದೊಂದೇ ಪದ ಓದಿದ.

“ಇದು ನೀವು ಹೇಳಿದ್ದೇ?”

“ಹೌದು ಮೇಡಂ. ಸರಿಯಾಗಿದೆ” ಎಂದ ಯೋಜನಾಧಿಕಾರಿ. ಎಲ್ಲರೂ ಯಾಕೆ ಹಾಗೆ ನೋಡುತ್ತಿದ್ದಾರೆ ಎಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ನೀರಿನ ಲೋಟವನ್ನು ಅಕ್ಕನ ಕಡೆ ಚಾಚಿದ. ಅಕ್ಕ ಅದನ್ನು ನೋಡಿದಳು, ಅಷ್ಟೇ.

ಅಧ್ಯಕ್ಷೆ ವಿಚಾರಣೆ ಮುಗಿಸುವಾಗ ಓದಬೇಕಾದ ಒಕ್ಕಣೆಯನ್ನು ಕೈಗೆತ್ತಿಕೊಂಡರು. ಓದಲೇಬೇಕು, ಅದು ಅವರ ಕೆಲಸ. ಓದುವಾಗ ಅವರ ಕಣ್ಣು ಕಾಗದದ ಮೇಲಿರಲಿಲ್ಲ, ಅಕ್ಕನ ಮೇಲಿತ್ತು. ಬೇಕೆಂದೇ ನಿಧಾನವಾಗಿ, ಪದ ಬಿಡಿಸಿ ಓದಿದರು. “ಹಾಜರಿರುವವರ ಪೈಕಿ ಹೇಳಿಕೆ ಕೊಡಲು ಇಚ್ಛಿಸುವ ಪ್ರತಿಯೊಬ್ಬರ ಹೆಸರು ಮತ್ತು ಹೇಳಿಕೆ ದಾಖಲಾಗುವವರೆಗೆ ವಿಚಾರಣೆಯನ್ನು ಮುಗಿಸತಕ್ಕದ್ದಲ್ಲ. ಪ್ರತಿಯೊಬ್ಬರ.”

ಕೊನೆಯ ಪದವನ್ನು ಎರಡು ಸಲ ಓದಿದ್ದು ಕಾಗದದಲ್ಲಿ ಇರಲಿಲ್ಲ.

ವಿಚಾರಣೆ ಮುಗಿಯದೆ ಕಲ್ಲು ಸುರಿಯುವಂತಿಲ್ಲ; ಅಕ್ಕನಿಗೆ ಅಷ್ಟು ಸಾಕಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಮೈಕಿನ ಎದುರು ನಿಂತಳು. “ನನ್ನನ್ನ ಈಗಲೇ ಎಣಿಸಿ ಮೇಡಂ. ಬಯಲು ಇರೋವಾಗಲೇ. ಹೊಂದಾಣಿಕೆ ಆಮೇಲೆ ನೋಡೋಣ.” ಹೆಸರು ಹೇಳಿದಳು. ಯಾವ ಕಡೆ ಅಗೆಯುತ್ತಾಳೆ, ನೀರು ಯಾವಾಗ ಇಳಿಯುತ್ತದೆ, ಕಪ್ಪೆಚಿಪ್ಪು ಉಸಿರು ಬಿಟ್ಟ ತೂತು ಹೇಗಿರುತ್ತದೆ, ಎಲ್ಲ ಹೇಳಿದಳು. ಆತುರವಿರಲಿಲ್ಲ.

“ಗಂಡನ ಹೆಸರು?” ಎಂದ ಬೆರಳಚ್ಚಿನವನು.

“ಅವರು ನನ್ನ ಹಿಂದೆನೇ ನಿಂತಿದ್ದಾರಲ್ಲಪ್ಪ. ಅವರದನ್ನ ಅವರೇ ಹೇಳ್ತಾರೆ. ಮಾತು ಜಾಸ್ತಿ, ಕಾಗದ ತಂದಿಟ್ಕೋ.”

ಭಾವನ ಹಿಂದೆ ಓಣಿಯ ಹೆಂಗಸರೆಲ್ಲ ಎದ್ದಿದ್ದರು. ಕುರ್ಚಿಗಳು ಕಿರುಗುಟ್ಟಿದವು. ಸಾಲು ಬಾಗಿಲು ದಾಟಿ ಪಡಸಾಲೆಗೆ ಹೋಯಿತು. ಸುದ್ದಿ ಓಣಿಗೆ ಮುಟ್ಟಿತೋ ಏನೋ, ಕೆಸರುಗಾಲಿನಲ್ಲೇ ಬಂದವರು ಮೆಟ್ಟಿಲ ಮೇಲೆ ಸೇರಿಕೊಂಡರು. ಯೋಜನಾಧಿಕಾರಿ ಗಡಿಯಾರ ನೋಡಿದ, ಫೋನು ಹಿಡಿದು ಹೊರಗೆ ಹೋದ, ಮತ್ತೆ ಬಂದ. ನಿರ್ದೇಶಕರು ತಂಗಿಯ ಹತ್ತಿರ ಬಂದು, “ಲ್ಯಾಬಿನ ಬೀಗದಕೈ ನಾಳೆ ಕೊಟ್ಟುಬಿಡಮ್ಮ” ಎಂದರು. ಹೇಳುವಾಗ ಅವರ ಕಣ್ಣು ನೆಲದ ಮೇಲಿತ್ತು. ಅವಳು ಚೀಲದಿಂದ ಆಗಲೇ ತೆಗೆದು ಅವರ ಕೈಗಿಟ್ಟಳು.

ಆಮೇಲೆ ಅವಳೂ ಹೋಗಿ ಸಾಲಿನ ಕೊನೆಗೆ ನಿಂತಳು. ಹೇಳಿಕೆ ಮುಗಿಸಿ ಬರುತ್ತಿದ್ದ ಅಕ್ಕ ಅವಳನ್ನು ಕಂಡು ನಿಂತಳು.

“ನೀನ್ಯಾಕೆ ಇಲ್ಲಿ?”

“ನನ್ನ ಹೆಸರೂ ಇರ್ಲಿ ಅಕ್ಕ.”

“ನೀನು ಎಣಿಸೋಳು ಕಣೇ. ಅದನ್ನೇ ಮಾಡು. ಬಾಗಿಲಲ್ಲಿ ನಿಂತ್ಕೊಂಡು ಎಣಿಸು.” ದನಿ ಕಟುವಾಗಿಯೇ ಇತ್ತು. ಬೆಳಗಿನದು ಇನ್ನೂ ಕ್ಷಮೆಯಾಗಿರಲಿಲ್ಲ, ಆಗುವ ಅವಸರವೂ ಇರಲಿಲ್ಲ. “ಈ ಸಲ ಯಾರನ್ನೂ ಎತ್ತಿ ಹೊರಗೆ ಹಾಕ್ಬೇಡ.”

ತಂಗಿ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಹೋಗುವವರ ಮುಖ ನೋಡುತ್ತ, ತುಟಿ ಅಲುಗಿಸುತ್ತ ಎಣಿಸಿದಳು. ಬಿಸಿಲು ಕಿಟಕಿಯಿಂದ ಕಿಟಕಿಗೆ ಸರಿಯಿತು. ರಸ್ತೆಯ ಲಾರಿಯವರು ಎಂಜಿನ್ ಆರಿಸಿ, ನೆರಳಿಗೆ ಕೂತು ಬೀಡಿ ಹಚ್ಚಿದರು.

ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದಳು. ಓಣಿಯವಳಲ್ಲ. ಸುದ್ದಿ ಕೇಳಿ ಆಚೆ ದಡದಿಂದ ದೋಣಿ ಹಿಡಿದು ಬಂದಿದ್ದಳು. ಕಂಪನಿಯ ಹೆಸರು ಹೊಲಿದ ಅಂಗಿ ತೊಟ್ಟಿದ್ದಳು; ಅಂದರೆ ತರಬೇತಿ ಮುಗಿಸಿದವಳು, ಎಲ್ಲರಿಗೂ ಕೆಲಸ ಇದೆ ಎಂಬ ಲೆಕ್ಕದಲ್ಲಿ ಇರುವವಳು. 

ಅವಳ ಸರದಿ ಬಂದಾಗ ಮೈಕನ್ನು ಎರಡು ಕೈಯಲ್ಲಿ ಹಿಡಿದು ನಿಂತಳು. ತನ್ನ ಹೆಸರು ಹೇಳಿ ಅಧ್ಯಕ್ಷೆಯ ಮುಖ ನೋಡಿದಳು.

“ನಂದು ಇಷ್ಟೇ ಮೇಡಂ. ಆದ್ರೆ ನಮ್ಮ ಕಡೆ ಬಯಲು ಮುಚ್ಚಿದಾಗ ನನ್ನ ಜೊತೆ ಇದ್ದೋರು ಬೇರೆಯೋರೂ ಇದ್ರು. ನನ್ನ ನಾದಿನಿ ಇದ್ಲು. ಪಕ್ಕದ ಮನೆ ಅಜ್ಜಿ. ಇನ್ನೂ ಇದ್ರು. ಅವರ್ಯಾರೂ ಬರೋ ಹಂಗಿಲ್ಲ ಈಗ. ಅವರ ಹೆಸರು ನಾನು ಹೇಳ್ಬಹುದಾ?”

ಯೋಜನಾಧಿಕಾರಿ ಎದ್ದ. “ಮೇಡಂ, ಹಾಜರಿರುವವರು ಅಂತ ನಿಯಮ...”

ಅಧ್ಯಕ್ಷೆ ನಿಯಮದ ಪುಸ್ತಕ ತೆರೆದರು. ಒಂದು ಪುಟ ಓದಿದರು, ಹಿಂದಿನದನ್ನು ಓದಿದರು, ಮತ್ತೆ ಮುಂದಿನದಕ್ಕೆ ಬಂದರು. ಕೋಣೆಯೆಲ್ಲ ಅವರ ಬೆರಳನ್ನೇ ನೋಡುತ್ತಿತ್ತು.

“ಹೇಳಿಕೆ ಕೊಡುವವರು ಹಾಜರಿರಬೇಕು ಅಂತಿದೆ” ಎಂದರು. “ಹೇಳಿಕೆಯೊಳಗೆ ಯಾರ ಹೆಸರು ಬರಬಾರದು ಅಂತ ಎಲ್ಲಿಯೂ ಇಲ್ಲ.” ಪುಸ್ತಕ ಮುಚ್ಚಿದರು. “ಹೇಳಮ್ಮ. ನಿಧಾನಕ್ಕೆ ಹೇಳು. ಅವನು ಬರ್ಕೊಳ್ಳಲಿ.”

ಬೆರಳಚ್ಚಿನವನು ಹೊಸ ಹಾಳೆ ಏರಿಸಿದ. ಆಚೆ ದಡದ ಹೆಂಗಸು ಒಂದು ಹೆಸರು ಹೇಳಿದಳು. ಆಮೇಲೆ ಇನ್ನೊಂದು. ಬಾಗಿಲಲ್ಲಿ ನಿಂತಿದ್ದ ತಂಗಿ ಅವರನ್ನೂ ಸೇರಿಸಿ ಎಣಿಕೆಯನ್ನು ಮುಂದುವರಿಸಿದಳು.